ಇನ್ನೊಂದು ತುಂಡು ಬ್ರೆಡ್

ಚಿಕ್ಕಮ್ಮನ ಮಗ ಎಂ.ಎಸ್. ಮಾಡೋಕೆ ಜರ್ಮನಿಗೆ ಹೊರಟಿದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಅಣ್ಣಾ, ಆ ಲಿಸ್ಟ್ ಕಳ್ಸು" ಅಂದ. ಯಾವ ಲಿಸ್ಟ್ ಅಂತ ನಾನೂ ಕೇಳಲಿಲ್ಲ. ಹೊರದೇಶಕ್ಕೆ ಹೋಗಿಬಂದ ಎಲ್ಲರ ಹತ್ತಿರವೂ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತೆ. ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್, ಸಾರಿನ ಪುಡಿ, ಥರ್ಮಲ್ ಬಟ್ಟೆ, ಪ್ಲಗ್ ಅಡಾಪ್ಟರ್. ನನಗೆ ಅದನ್ನು ಕೊಟ್ಟಿದ್ದು ಒಬ್ಬ ಸೀನಿಯರ್. ಅವನಿಗೆ ಇನ್ಯಾರೋ.

ಶೀಟ್ ಹುಡುಕುತ್ತಾ ಕೂತಾಗ, ಇಂಥದ್ದೊಂದು ಲಿಸ್ಟ್ ಇಲ್ಲದೆ ಹಡಗು ಹತ್ತಿದ ಒಬ್ಬ ಹುಡುಗ ನೆನಪಾದ.

1888ರ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿ ಮುಂಬೈಯಲ್ಲಿ ಹಡಗು ಹತ್ತಿದಾಗ ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. (ಆಗಿನ್ನೂ ಮಹಾತ್ಮರಲ್ಲ, ಹುಡುಗ. ಹಾಗಾಗಿ ಏಕವಚನದಲ್ಲೇ ಬರೀತೀನಿ.) ಮನೆಯಲ್ಲಿ ಹೆಂಡತಿ ಕಸ್ತೂರಬಾ, ಕೈಗೂಸು. ಹೆಂಡ, ಹೆಣ್ಣು, ಮಾಂಸ ಮೂರನ್ನೂ ಮುಟ್ಟಲ್ಲ ಅಂತ ತಾಯಿ ಪುತಲೀಬಾಯಿಗೆ ಮಾತು ಕೊಟ್ಟು ಹೊರಟಿದ್ದ. ಸಮುದ್ರ ದಾಟೋದು ಧರ್ಮಕ್ಕೆ ವಿರುದ್ಧ ಅಂತ ಮುಂಬೈಯ ಅವನ ಜಾತಿಯವರು ಸಭೆ ಸೇರಿ ಅವನನ್ನು ಬಹಿಷ್ಕರಿಸಿದ್ದರು. ಬ್ಯಾರಿಸ್ಟರ್ ಆಗದೆ ವಾಪಸ್ ಬಂದರೆ ತಲೆ ಎತ್ತಿ ಓಡಾಡೋ ಹಾಗೇ ಇರಲಿಲ್ಲ.

ಮೊದಲ ಪಜೀತಿ ಬಟ್ಟೆಯದ್ದು. ಹಡಗಿನಲ್ಲಿ ಕಪ್ಪು ಸೂಟ್ ಹಾಕಿಕೊಂಡಿದ್ದವನು ಇಳಿಯುವಾಗ ಚೆನ್ನಾಗಿ ಕಾಣಬೇಕು ಅಂತ ಬಿಳಿ ಫ್ಲಾನೆಲ್ ಸೂಟ್ ತೆಗೆದಿಟ್ಟಿದ್ದ. ಅದು ಸೆಪ್ಟೆಂಬರ್ ಕೊನೆ, ಬೇಸಿಗೆಯ ಬಟ್ಟೆಯ ಕಾಲ ಮುಗಿದಿತ್ತು. ಇಳಿದು ನೋಡಿದರೆ ಬಿಳಿ ಬಟ್ಟೆಯಲ್ಲಿ ಇದ್ದವನು ತಾನೊಬ್ಬನೇ! ಬೇರೆಯವರನ್ನು ನೋಡಿ ಲಗೇಜನ್ನೂ ಕೀಲಿಕೈಗಳನ್ನೂ ಏಜೆಂಟರ ಕೈಗೆ ಕೊಟ್ಟುಬಿಟ್ಟಿದ್ದ. ಅವತ್ತು ಶನಿವಾರ, ಮರುದಿನ ರಜೆ. ಸೋಮವಾರದವರೆಗೆ ಅದೇ ಬಿಳಿ ಸೂಟೇ ಗತಿ.

ಅವತ್ತು ಸಂಜೆ ಲಂಡನ್ನಿನ ಹೋಟೆಲಿಗೆ ಡಾ. ಪ್ರಾಣಜೀವನ ಮೆಹ್ತಾ ಬಂದರು. ಮಾತಾಡುತ್ತಾ ಹುಡುಗ ಅವರ ರೇಷ್ಮೆಯ ಟೋಪಿಯನ್ನು ಸುಮ್ಮನೆ ಎತ್ತಿಕೊಂಡು ಸವರಿದ. ಸವರಿದ್ದು ಉಲ್ಟಾ ದಿಕ್ಕಿನಲ್ಲಿ, ನಯವಾಗಿದ್ದ ನೂಲೆಲ್ಲ ನಿಂತುಕೊಂಡಿತು. ಮೆಹ್ತಾ ಕಣ್ಣು ಬಿಟ್ಟು ತಡೆದರು. ಆಮೇಲೆ ಕೂರಿಸಿಕೊಂಡು ಪಾಠ ಹೇಳಿದರು: ಬೇರೆಯವರ ವಸ್ತು ಮುಟ್ಟಬೇಡ, ಪರಿಚಯವಾದ ತಕ್ಷಣ ಊರಿನ ಥರ ಪ್ರಶ್ನೆ ಕೇಳಬೇಡ, ಜೋರಾಗಿ ಮಾತಾಡಬೇಡ, ಎಲ್ಲರಿಗೂ 'ಸರ್' ಅನ್ನಬೇಡ. ಇವೆಲ್ಲ ಯಾವ ಕಾಲೇಜಿನ ಪಠ್ಯದಲ್ಲಿ ಇರುತ್ತೆ ಹೇಳಿ?

ಹೋಟೆಲ್ ಬಿಲ್ ಮೂರು ಪೌಂಡ್ ಆಯಿತು. ಒಂದು ತಿನಿಸು ಬೇಡವಾಗಿ ಇನ್ನೊಂದು ತರಿಸಿದರೆ ಎರಡಕ್ಕೂ ದುಡ್ಡು. ಅಷ್ಟು ಕೊಟ್ಟೂ ಹೊಟ್ಟೆ ತುಂಬಿಸಿದ್ದು ಮುಂಬೈಯಿಂದ ಕಟ್ಟಿ ತಂದಿದ್ದ ತಿಂಡಿಯೇ. ಬಾಡಿಗೆ ರೂಮಿಗೆ ಹೋದ ಮೇಲೆ ರಾತ್ರಿ ಹೊತ್ತು ಅಮ್ಮನ ನೆನಪು. ಕಣ್ಣೀರು ಸುರಿಯುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ ಅಂತ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇಂಗ್ಲೆಂಡ್ ಸಹಿಸೋಕಾಗಲ್ಲ, ವಾಪಸ್ ಹೋಗೋದನ್ನು ಯೋಚಿಸೋ ಹಾಗೂ ಇಲ್ಲ.

ನನ್ನನ್ನು ತುಂಬಾ ತಟ್ಟಿದ್ದು ಅದಾದ ಮೇಲಿನ ಒಂದು ಸಣ್ಣ ವಿಷಯ. ರಿಚ್‌ಮಂಡ್‌ನಲ್ಲಿ ಒಬ್ಬ ಗೆಳೆಯನ ಜೊತೆ ತಿಂಗಳು ಕಾಲ ಇದ್ದ. ಬೆಳಗ್ಗೆ ಓಟ್ಸ್ ಗಂಜಿಯಿಂದ ಹೇಗೋ ಹೊಟ್ಟೆ ತುಂಬೋದು. ಮಧ್ಯಾಹ್ನ, ರಾತ್ರಿ ಮಾತ್ರ ಪಾಲಕ್ ಸೊಪ್ಪು, ಬ್ರೆಡ್, ಜಾಮ್ ಅಷ್ಟೇ. ಚೆನ್ನಾಗಿ ಉಣ್ಣುವ ವಯಸ್ಸು, ಆದರೂ ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ ಕೇಳೋಕೆ ನಾಚಿಕೆ. ಮಾಂಸ ತಿನ್ನು ಅಂತ ಗೆಳೆಯ ದಿನಾ ವಾದ ಮಾಡುತ್ತಿದ್ದ, ಬೆಂಥಮ್‌ನ ಪುಸ್ತಕ ಓದಿ ಹೇಳಿದ. ಹುಡುಗನಿಗೆ ಆ ವಾದ ಗೆಲ್ಲೋಕೆ ಆಗಲಿಲ್ಲ. ಆದರೆ ಅಮ್ಮನಿಗೆ ಕೊಟ್ಟ ಮಾತನ್ನೂ ಬಿಡಲಿಲ್ಲ. ಆಮೇಲೆ ವೆಸ್ಟ್ ಕೆನ್ಸಿಂಗ್ಟನ್‌ನ ಒಂದು ಮನೆಯಲ್ಲಿ ಉಳಿದಾಗಲೂ ಅದೇ ಕಥೆ. ಆ ಮನೆಯ ಹೆಣ್ಣುಮಕ್ಕಳಿಬ್ಬರು ಒತ್ತಾಯ ಮಾಡಿ ಒಂದೆರಡು ತುಂಡು ಹೆಚ್ಚು ಬಡಿಸೋರು. ಪೂರ್ತಿ ಬ್ರೆಡ್ಡೇ ಬೇಕು ಅನ್ನುವಷ್ಟು ಹಸಿವಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಇದನ್ನು ಓದುವಾಗ ನಾನು ಮೊದಲ ಸಲ ಆನ್‌ಸೈಟ್ ಹೋದ ವಾರ ನೆನಪಾಯಿತು. ಆಫೀಸ್ ಕ್ಯಾಂಟೀನಿನಲ್ಲಿ ಯಾವುದರಲ್ಲಿ ಮಾಂಸವಿಲ್ಲ ಅಂತ ಕೇಳೋಕೆ ನಾಚಿಕೊಂಡು ನಾಲ್ಕು ದಿನ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ಕಳೆದಿದ್ದೆ. ಇಂಗ್ಲಿಷ್ ಬರುತ್ತಿತ್ತು. ಕೋಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಊಟದ ಬಗ್ಗೆ ಒಂದು ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ.

ಅವನು ದಿನಕ್ಕೆ ಹತ್ತು ಹನ್ನೆರಡು ಮೈಲಿ ಲಂಡನ್ ಸುತ್ತಿ ಸಸ್ಯಾಹಾರಿ ಹೋಟೆಲ್ ಹುಡುಕಿದ. ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಿಕ್ಕಿತು. ಬಾಗಿಲ ಹತ್ತಿರ ಮಾರಾಟಕ್ಕಿದ್ದ ಪುಸ್ತಕಗಳಲ್ಲಿ ಸಸ್ಯಾಹಾರದ ಬಗ್ಗೆ ಹೆನ್ರಿ ಸಾಲ್ಟ್ ಬರೆದದ್ದನ್ನು ಒಂದು ಶಿಲಿಂಗಿಗೆ ಕೊಂಡು, ಒಳಗೆ ಹೋಗಿ ಕೂತ. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಾ ಉಂಡಿದ್ದು ಅವತ್ತೇ ಮೊದಲು. ಅಮ್ಮನಿಗಾಗಿ ಪಾಲಿಸುತ್ತಿದ್ದ ವ್ರತ, ಆ ಪುಸ್ತಕ ಓದಿದ ಮೇಲೆ ಅವನದ್ದೇ ಆಯ್ಕೆಯಾಯಿತು.

ಇಲ್ಲಿವರೆಗಿನ ಕಥೆ ತುಂಬಾ ಜನಕ್ಕೆ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲ. ಬ್ಯಾರಿಸ್ಟರ್ ಆಗಿ ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧಿ ಅಲ್ಲಿನ ಮೊದಲ ವರ್ಷಗಳಲ್ಲಿ 'ಗೈಡ್ ಟು ಲಂಡನ್' ಅಂತ ಒಂದು ಕೈಪಿಡಿ ಬರೆದರು. ಇಂಗ್ಲೆಂಡಿಗೆ ಓದೋಕೆ ಹೋಗುವ ಭಾರತದ ಹುಡುಗರಿಗಾಗಿ. ಯಾವ ಬಟ್ಟೆ ಒಯ್ಯಬೇಕು, ರೂಮಿಗೆ ಎಷ್ಟಾಗುತ್ತೆ, ಏನು ತಿನ್ನಬೇಕು, ವಾರಕ್ಕೆ ಒಂದು ಪೌಂಡಿನಲ್ಲಿ ಹೇಗೆ ಬದುಕಬಹುದು, ಎಲ್ಲ ಲೆಕ್ಕ ಸಮೇತ. ಅವರು ಬದುಕಿದ್ದಾಗ ಅದು ಅಚ್ಚಾಗಲೇ ಇಲ್ಲ. ಈಗ ಅವರ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿದೆ.

ಅಂದ್ರೆ, ನಮ್ಮ ಎಕ್ಸೆಲ್ ಶೀಟಿನ ಮುತ್ತಜ್ಜ ಅದು. ನಾನು ಪಟ್ಟ ಪಾಡು ಇವರೂ ಪಡಲಿ ಅಂತ ಅವರು ಸುಮ್ಮನಿರಬಹುದಿತ್ತು, ಇರಲಿಲ್ಲ.

ಶೀಟ್ ಸಿಕ್ಕಿತು. ಕಳಿಸೋ ಮುಂಚೆ, ಕುಕ್ಕರಿಗಿಂತ ಮೇಲೆ, ಒಂದು ಹೊಸ ಸಾಲು ಸೇರಿಸಿದೆ: "ಹಸಿವಾದ್ರೆ ಕೇಳು. ನಾಚ್ಕೋಬೇಡ."