ಪರಿಸರದ ಲೆಕ್ಕ: ಹೆಜ್ಜೆಗುರುತು ಮತ್ತು ನಿಸರ್ಗ ಸೇವೆಗಳ ಮಾಪನ

ಮನುಷ್ಯ ನಿಸರ್ಗದ ಮೇಲೆ ಹೊರಿಸುವ ಹೊರೆಯನ್ನೂ ಅದರಿಂದ ಪಡೆಯುವ ಉಪಕಾರವನ್ನೂ ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಗಳ ಚರಿತ್ರೆ ಸುಮಾರು ಅರ್ಧ ಶತಮಾನದ್ದು. ಹೊರೆಯ ಲೆಕ್ಕ ಹೆಜ್ಜೆಗುರುತಾಗಿ ಬೆಳೆಯಿತು. ಉಪಕಾರದ ಲೆಕ್ಕ ಪರಿಸರ ಸೇವೆಗಳಾಗಿ.

ಒಂದು ನಗರವನ್ನು ಸಲಹಲು ಅದರ ಗಡಿಯಾಚೆ ಎಷ್ಟು ನೆಲ ದುಡಿಯಬೇಕು? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ರೀಸ್ 1992ರ ಲೇಖನದಲ್ಲಿ ಕೇಳಿದ್ದು ಇದನ್ನು. ಅವರ ವಿದ್ಯಾರ್ಥಿ ಮಥಿಸ್ ವ್ಯಾಕರ್ನಗೆಲ್ ಈ ಹೆಜ್ಜೆಗುರುತಿನ ಲೆಕ್ಕದ ವಿಧಾನ ರೂಪಿಸಿದರು. ಇಬ್ಬರೂ ಸೇರಿ ಬರೆದ ಪುಸ್ತಕ 1996ರಲ್ಲಿ ಬಂತು. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಈ ಬಗೆಯ ಯೋಚನೆ ಹೊಸದಲ್ಲ. ಒಂದು ಎಕರೆ ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸಲು 9 ಎಕರೆಯವರೆಗೆ ಬೆಟ್ಟ ಭೂಮಿ ಬಿಟ್ಟುಕೊಡುವ ಕ್ರಮ ಬ್ರಿಟಿಷರ ಕಾಲದ ಅರಣ್ಯ ನಿಯಮಗಳಲ್ಲೇ ಇತ್ತು.

ನಾವು ಸುಡುವ ಇಂಧನದ ಹೊಗೆಯನ್ನು ಹೀರಲು ಬೇಕಾಗುವ ಕಾಡಿನ ವಿಸ್ತಾರವೂ ರೀಸ್ ಲೆಕ್ಕದಲ್ಲಿ ಸೇರಿತ್ತು. ಮುಂದೆ ಇಂಗಾಲದ ಭಾಗ ಪ್ರತ್ಯೇಕವಾಗಿ ನಿಂತು, ಹೆಕ್ಟೇರಿನ ಬದಲು ಟನ್ನುಗಳಲ್ಲಿ ಅಳೆಯಲ್ಪಟ್ಟಿತು. ಈ ಇಂಗಾಲದ ಹೆಜ್ಜೆಗುರುತನ್ನು ಮನೆಮಾತಾಗಿಸಿದ್ದರಲ್ಲಿ ತೈಲ ಕಂಪನಿ ಬಿಪಿ 2004ರ ಸುಮಾರಿಗೆ ಆರಂಭಿಸಿದ ಜಾಹೀರಾತು ಮತ್ತು ವೈಯಕ್ತಿಕ ಲೆಕ್ಕಯಂತ್ರದ ಪಾತ್ರ ದೊಡ್ಡದು. ನಗರವನ್ನು ಕುರಿತ ಪ್ರಶ್ನೆ ಹೀಗೆ ಒಬ್ಬೊಬ್ಬ ಗ್ರಾಹಕನ ಹೆಗಲೇರಿತು. ತೈಲ ತೆಗೆದು ಮಾರುವವರ ಪಾಲು ಮಸುಕಾಯಿತು. ಈ ತಿರುವು ಕಳವಳಕಾರಿ.

ಕಂಪನಿಗಳ ಹೊಣೆ ಹೇಳುವ ಲೆಕ್ಕಪದ್ಧತಿಯೂ ಇತ್ತು. 2001ರ ಹಸಿರುಮನೆ ಅನಿಲ ಪ್ರೋಟೋಕಾಲ್ ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸಿತು: ಸ್ವಂತ ಚಿಮಣಿ ಮತ್ತು ವಾಹನಗಳದು, ಕೊಂಡ ವಿದ್ಯುತ್ತಿನದು, ಕಚ್ಚಾವಸ್ತುವಿನಿಂದ ಗ್ರಾಹಕನ ಬಳಕೆಯವರೆಗಿನ ಉಳಿದೆಲ್ಲವೂ. ತೈಲ ಕಂಪನಿ ಮಾರಿದ ಪೆಟ್ರೋಲಿನ ಹೊಗೆ ಬರುವುದು ಮೂರನೆಯದರಲ್ಲಿ. ಅದನ್ನು ವರದಿ ಮಾಡುವುದು ಐಚ್ಛಿಕವಾಗಿತ್ತು.

ಟನ್ನು ಎಂಬ ಮಾನವೂ ಕಾಣುವಷ್ಟು ಸ್ಥಿರವಲ್ಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ ಒಂದು ಟನ್ ಮೀಥೇನನ್ನು 1995ರ ವರದಿಯಲ್ಲಿ 21 ಟನ್ ಇಂಗಾಲದ ಡೈಆಕ್ಸೈಡಿಗೆ ಸಮವೆಂದಿತು, 2013ರಲ್ಲಿ 28ಕ್ಕೆ. ಇದು ನೂರು ವರ್ಷಗಳ ಪರಿಣಾಮ. ಇಪ್ಪತ್ತೇ ವರ್ಷ ನೋಡಿದರೆ 84. ಭತ್ತದ ಗದ್ದೆಯ, ದನದ ಕೊಟ್ಟಿಗೆಯ ಹೆಜ್ಜೆಗುರುತು ಎಷ್ಟು ದೊಡ್ಡದೆಂಬುದು ಈ ಆಯ್ಕೆಯನ್ನು ಅವಲಂಬಿಸಿದೆ.

ಪರಿಸರ ಸೇವೆಗಳ ಮಾತನ್ನು 1981ರಲ್ಲಿ ಪಾಲ್ ಮತ್ತು ಆ್ಯನ್ ಎರ್ಲಿಖ್ ಚಲಾವಣೆಗೆ ತಂದರು. ಪರಾಗಸ್ಪರ್ಶ, ನೀರಿಂಗುವಿಕೆ, ಮಣ್ಣಿನ ರಕ್ಷಣೆಗಳಿಗೆ ಜನರ ಗಮನ ಸೆಳೆಯುವುದು ಆಗಿನ ಉದ್ದೇಶ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ತಂಡ ಇಡೀ ಭೂಮಿಯ 17 ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿತು. ಜಗತ್ತಿನ ಒಟ್ಟು ಉತ್ಪನ್ನವೇ ಆಗ ಸುಮಾರು 18 ಲಕ್ಷ ಕೋಟಿ. ಇಲ್ಲದ ಹಣವನ್ನು ಯಾರು ಕೊಟ್ಟಾರೆಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದರು. 2005ರ ಸಹಸ್ರಮಾನ ಪರಿಸರ ಮೌಲ್ಯಮಾಪನ ಹಣ ಬಿಟ್ಟು ಸ್ಥಿತಿಯನ್ನು ನೋಡಿತು: ಪರಿಶೀಲಿಸಿದ 24 ಸೇವೆಗಳಲ್ಲಿ 15 ಕುಸಿಯುತ್ತಿದ್ದವು.

ಭಾರತದಲ್ಲಿ ಬೆಲೆ ನೇರವಾಗಿ ನ್ಯಾಯಾಲಯದಿಂದ ಬಂತು. ಅರಣ್ಯವನ್ನು ಗಣಿಗೋ ಅಣೆಕಟ್ಟಿಗೋ ಬಿಟ್ಟುಕೊಡುವಾಗ ಅದರ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಕಳೆದುಹೋಗುವ ಸೇವೆಗಳ ಇಂದಿನ ಬೆಲೆ, ವಸೂಲಾಗಬೇಕೆಂದು ಅರಣ್ಯ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕಾಂಚನ್ ಚೋಪ್ರಾ ಸಮಿತಿಯ ವರದಿಯ ಬಳಿಕ 2008ರಲ್ಲಿ ನಿಗದಿಯಾದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಕಾಡು ಉಳಿಸಲು ಹುಟ್ಟಿದ ಲೆಕ್ಕ, ಕಾಡು ಕಡಿಯುವ ಯೋಜನೆಯ ವೆಚ್ಚಪಟ್ಟಿಯಲ್ಲಿ ಒಂದು ಸಾಲೂ ಆಯಿತು.

ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ 2021ರ ಮಾರ್ಚಿನಲ್ಲಿ ಪರಿಸರ ವ್ಯವಸ್ಥೆಗಳ ಲೆಕ್ಕಪತ್ರ ಪದ್ಧತಿಯನ್ನು ಅಂಗೀಕರಿಸಿತು. ವಿಸ್ತಾರ, ಸ್ಥಿತಿ, ಸೇವೆಗಳ ಭೌತಿಕ ಅಳತೆಗೆ ಮಾತ್ರ ಅಂತಾರಾಷ್ಟ್ರೀಯ ಮಾನದಂಡದ ಸ್ಥಾನ ಸಿಕ್ಕಿತು. ಹಣದ ಮೌಲ್ಯಮಾಪನದ ಅಧ್ಯಾಯಗಳನ್ನು ತತ್ತ್ವ ಮತ್ತು ಶಿಫಾರಸುಗಳೆಂದಷ್ಟೇ ಒಪ್ಪಲಾಯಿತು. ಇದರ ಪ್ರಾಯೋಗಿಕ ಯೋಜನೆ ಬ್ರೆಜಿಲ್, ಚೀನಾ, ಭಾರತ, ಮೆಕ್ಸಿಕೊ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದಿತ್ತು. ಭಾರತದಲ್ಲಿ ಅದಕ್ಕೆ ಆಯ್ಕೆಯಾದ ರಾಜ್ಯ ಕರ್ನಾಟಕ.