ಪೂರ್ವಜರ ಶೋಧ ಮತ್ತು ಹಳೆಯ ಕಡತಗಳು

ಕೊಪ್ಪಳ ಸೀಮೆಯು ಬರಹವನ್ನು ಬಹು ಹಿಂದೆಯೇ ಕಂಡ ಸೀಮೆ. ಗವಿಮಠ ಹಾಗೂ ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕುಕನೂರಿನ ಸಮೀಪ, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ‘ದೇವಾಲಯ ಚಕ್ರವರ್ತಿ’ ಎಂದು ಶಾಸನವು ಕೊಂಡಾಡಿದ ದೇವಾಲಯವನ್ನು ಕಟ್ಟಿಸಿದನು. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿಯನ್ನೂ ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿಯನ್ನೂ ಅಲ್ಲಿಯೇ ನಿರ್ಮಿಸಿದನು. ದಂಡನಾಯಕನಿಗೆ ಶಿಲೆಯಿತ್ತು, ಶಿಲ್ಪಿಗಳಿದ್ದರು. ಎರಡೆತ್ತಿನ ಒಕ್ಕಲುತನದ ಮನೆಯ ತಂದೆತಾಯಿಗಳ ನೆನಪು ಎಲ್ಲಿ ಉಳಿದಿದೆ? ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ಅನುಭವಕ್ಕೆ ಬಂದ ಒಂದು ಸಂಗತಿಯನ್ನು ಸದ್ಭಕ್ತರ ಮುಂದಿಡುತ್ತೇವೆ.

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಭಕ್ತರೊಬ್ಬರು ಮಠಕ್ಕೆ ಬಂದರು. ಅರವತ್ತು ದಾಟಿದ ವಯಸ್ಸು. ತಮ್ಮ ಪೂರ್ವಜರೊಬ್ಬರು ಮುಂಡರಗಿ ಭೀಮರಾಯನೊಡನೆ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರೆಂಬುದು ಅವರ ಮನೆತನದ ಹೇಳಿಕೆ. ಊರಲ್ಲಿ ಅವರ ಹೆಸರಿನ ಒಂದು ಕಲ್ಲನ್ನು ನಿಲ್ಲಿಸಬೇಕೆಂಬ ಹಂಬಲ. ಆಧಾರವೇನೆಂದು ಕೇಳಿದಾಗ, ಹಿರಿಯರು ‘ಕಾಳಯುಕ್ತಿ ಸಂವತ್ಸರದಲ್ಲಿ ಹೋದರು’ ಎಂದು ಅಜ್ಜನ ಬಾಯಿಂದ ಕೇಳಿದ್ದೇವೆ ಎಂದರು.

ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಕಾದಿ ಮಡಿದದ್ದು 1858ರ ಬೇಸಿಗೆಯ ಕೊನೆಯಲ್ಲಿ. ಅದು ಶಕ 1780, ಕಾಳಯುಕ್ತಿ ಸಂವತ್ಸರವೇ ಹೌದು. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 1858ರಂತೆ 1918ರೂ ಕಾಳಯುಕ್ತಿ, 1978ರೂ ಕಾಳಯುಕ್ತಿ. ಶಕವರ್ಷವಿಲ್ಲದ ಬರಿಯ ಸಂವತ್ಸರದ ಹೆಸರನ್ನು ನಂಬಿದವನು ಒಂದು ಹೆಜ್ಜೆ ತಪ್ಪಿದರೆ ಅರವತ್ತು ವರ್ಷ ಆಚೆ ಬೀಳುತ್ತಾನೆ. ಮೇಲಾಗಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಹೀಗಾಗಿ ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿ ಸಿಕ್ಕುವುದು ಸಹಜ.

ಮಠದ ಹಳೆಯ ಕಡತವನ್ನು ಬಿಚ್ಚಿ ನೋಡಿದೆವು. ಕಾಳಯುಕ್ತಿ ಸಂವತ್ಸರದ ಕಾರ್ತಿಕ ಮಾಸದಲ್ಲಿ, ಅದೇ ಹೆಸರಿನ ಗಂಡನು ಲಿಂಗೈಕ್ಯನಾದ ನಿಮಿತ್ತ, ಹೆಂಡತಿಯು ದಾಸೋಹಕ್ಕೆ ಜೋಳ ಒಪ್ಪಿಸಿದ ನಮೂದು ಅಲ್ಲಿತ್ತು. ಕೋಟೆಯ ಕಾಳಗ ಮುಗಿದದ್ದು ಮಳೆಗಾಲಕ್ಕೆ ಮೊದಲು. ಈ ಸಾವು ದೀಪಾವಳಿಯ ಆಚೆಯದು. ಸಂದೇಹ ಹುಟ್ಟಿತು.

ಆ ವರ್ಷ ಸುಗ್ಗಿಯ ನಂತರ ಊರಿಗೆ ಹೆಳವರು ಬಂದರು. ಎತ್ತಿನ ಮೇಲೆ ಕುಳಿತು ಬಂದು, ಮನೆಮನೆಯ ವಂಶಾವಳಿಯನ್ನು ಓದಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಬರೆದುಕೊಂಡು, ಕಾಳು ಬಟ್ಟೆಗಳನ್ನು ಪಡೆದು ಹೋಗುವ ಈ ಜನರು ಒಕ್ಕಲು ಮಕ್ಕಳ ಇತಿಹಾಸಕಾರರು. ಅವರ ಹೊತ್ತಿಗೆಯಲ್ಲಿ ಆ ಹೆಸರಿನವರು ಇಬ್ಬರಿದ್ದರು. ಕಡತದಲ್ಲಿದ್ದ ಹೆಂಡತಿಯ ಹೆಸರು ಕೂಡಿದ್ದು ಎರಡನೆಯವನೊಡನೆ. ಅವನು ಭಕ್ತರ ಮುತ್ತಜ್ಜ.

ಇನ್ನುಳಿದದ್ದು ಸರಕಾರಿ ದಾಖಲೆ. ಇಲ್ಲಿ ಶೋಧಕನಿಗೆ ನಾಡಿನ ಆಡಳಿತದ ಇತಿಹಾಸ ತಿಳಿದಿರಬೇಕು. ಕೊಪ್ಪಳವು ಸಾಲಾರ್ ಜಂಗರ ಜಹಗೀರು. ಕುಷ್ಟಗಿ ಮತ್ತು ಗಂಗಾವತಿಗಳು 1905ರವರೆಗೆ ಲಿಂಗಸುಗೂರು ಜಿಲ್ಲೆಗೆ, ಆಮೇಲೆ 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. 1853ರಿಂದ 1860ರವರೆಗೆ ರಾಯಚೂರು ದೋಆಬವು ಬ್ರಿಟಿಷರ ಕೈಯಲ್ಲಿತ್ತು. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ; ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರೆ ಆ ಫಸಲಿ ಆರಂಭವಾದ ಕ್ರಿಸ್ತವರ್ಷ ಸಿಗುತ್ತದೆ.

ಉರ್ದು ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಓದಿ ಹೇಳಿದರು: ಫಸಲಿ 1329ರಲ್ಲಿ ಆ ಮನೆಯ ಹೊಲದ ಪಟ್ಟಾ ಮೃತನ ಹೆಸರಿನಿಂದ ಅಪ್ರಾಪ್ತ ಮಗನ ಹೆಸರಿಗೆ ಬದಲಾಗಿತ್ತು, ಪಾಲಕಳು ತಾಯಿ. ಎಂದರೆ 1919ರ ಕೊನೆ ಅಥವಾ 1920. ಮೂರು ದಾಖಲೆಗಳು ಒಂದೇ ಮಾತನ್ನು ಹೇಳಿದವು. ಮರಣವಾದದ್ದು 1918ರ ಕಾಳಯುಕ್ತಿಯಲ್ಲಿ.

1918ರ ಕಾರ್ತಿಕವೆಂದರೆ ಇನ್‌ಫ್ಲುಯೆಂಜಾ ಬೇನೆಯು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹೊತ್ತು. ನಮ್ಮ ಕಡೆಯ ಹಿರಿಯರು ಅದನ್ನು ಮಾನಮೋಡಿ ಎನ್ನುತ್ತಿದ್ದರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮುತ್ತಜ್ಜನ ಮರಣಕ್ಕೆ ಅದೇ ಕಾರಣವೆಂದು ಕಡತ ಹೇಳುವುದಿಲ್ಲ. ಕಾಲವು ಹಾಗೆ ಸೂಚಿಸುತ್ತದೆ.

ಭಕ್ತರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ‘ಹಾಗಾದರೆ ನಮ್ಮ ಮನೆಯಲ್ಲಿ ವೀರರು ಯಾರೂ ಇರಲಿಲ್ಲವೇ, ಬುದ್ಧೀ?’ ಎಂದರು. ನಾವು ಕಡತದ ಆ ಸಾಲನ್ನೇ ಮತ್ತೆ ಓದಿಸಿದೆವು. ಬರಗಾಲ, ಬೇನೆ, ಗಂಡನ ಸಾವು, ಕೈಯಲ್ಲಿ ಚಿಕ್ಕ ಮಗು. ಇಷ್ಟರ ನಡುವೆ ಆ ತಾಯಿ ಮಠದ ದಾಸೋಹಕ್ಕೆ ಜೋಳ ತಂದಿದ್ದಳು. ಹೊಲವನ್ನು ಕೈಬಿಡದೆ ಮಗನನ್ನು ಬೆಳೆಸಿದ್ದಳು. ಆ ಮಗನೇ ಭಕ್ತರ ಅಜ್ಜ. ಮನೆತನದ ಹೇಳಿಕೆಯಲ್ಲಿ ಅವಳ ಹೆಸರೇ ಇರಲಿಲ್ಲ. ಮೂರು ದಾಖಲೆಗಳಲ್ಲಿಯೂ ಇತ್ತು.

ಮುಂದಿನ ವರ್ಷ ಕಲ್ಲು ನಿಂತಿತು. ಅದರಲ್ಲಿ ಇಬ್ಬರ ಹೆಸರುಗಳಿವೆ. ಸಂವತ್ಸರದ ಜೊತೆಗೆ ಶಕ 1840 ಎಂದೂ ಕೊರೆಯಿಸಿದ್ದಾರೆ.

ಪೂರ್ವಜರನ್ನು ಅರಸುವವರು ದೊಡ್ಡಸ್ತಿಕೆಯನ್ನು ಅರಸದೆ ಸತ್ಯವನ್ನು ಅರಸಬೇಕು. ಒಂದು ದಾಖಲೆಯನ್ನು ಇನ್ನೊಂದರ ಪಕ್ಕಕ್ಕೆ ಇಟ್ಟು ಒರೆಗೆ ಹಚ್ಚಬೇಕು. ಹೆಳವರು ಬಾಗಿಲಿಗೆ ಬಂದಾಗ ಬರಿಗೈಯಲ್ಲಿ ಕಳುಹಿಸಬಾರದು. ಹೆಣ್ಣುಮಕ್ಕಳ ಹೆಸರುಗಳನ್ನೂ ಬರೆಯಿಸಬೇಕು. ಅಟ್ಟದ ಮೇಲಿನ ಹಳೆಯ ಕಾಗದಗಳನ್ನು, ಓದಲು ಬಾರದ ಲಿಪಿಯೆಂದು ಒಲೆಗೆ ಹಾಕುವ ಮೊದಲು, ಮಠಕ್ಕೆ ತಂದು ತೋರಿಸಿರಿ. ಆ ಕಟ್ಟಿನೊಳಗೆ ನಿಮ್ಮ ಮನೆಯ ತಾಯಿಯೊಬ್ಬಳ ಹೆಸರು ಇದ್ದೀತು.