ಮುಖಪುಟಕ್ಕೊಂದು ಕೊಬ್ಬರಿ

ಹೊಯ್ಸಳ ಸೀಮೆಯನ್ನು ಕುರಿತ ಪುಸ್ತಕವೆಂದರೆ ಮುಖಪುಟದಲ್ಲಿ ಬೇಲೂರಿನ ಮದನಿಕೆಯೇ ನಿಲ್ಲಬೇಕೆಂಬುದು ವಾಡಿಕೆ. ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥದಲ್ಲಿ ಪಿಗೂ, ನೀಲ್, ಬಿಗ್ಸ್ ಎಂಬವರು ತೆಗೆದ ಛಾಯಾಚಿತ್ರಗಳಿವೆ. ಹಳೇಬೀಡಿನ ಭಿತ್ತಿಗಳನ್ನು ಅಲ್ಲಿ ಇಂದಿಗೂ ಬೆರಗಿನಿಂದ ನೋಡಬಹುದು. ಅಂದು ಗುಡಿಗೆ ಮುಖಮಾಡಿದ ಕ್ಯಾಮೆರಾ ರೈತನ ಅಟ್ಟದ ಕಡೆಗೆ ತಿರುಗಿದ್ದು ಅಪರೂಪ.

ಈ ಸೀಮೆಯ ಊಟ ಮತ್ತು ವ್ಯಾಪಾರಗಳನ್ನು ಕುರಿತ ನನ್ನ ಪುಸ್ತಕಕ್ಕೆ ನಾನು ಬಯಸಿದ್ದು ಅರಸೀಕೆರೆಯ ಒಂದು ಉಂಡೆ ಕೊಬ್ಬರಿಯನ್ನು. ಬಲಿತ ಕಾಯಿ ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದ ಮೇಲೆ ಕಾಯುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟಾಗ, ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುತ್ತದೆ. ಆ ಸದ್ದನ್ನು ಚಿತ್ರದಲ್ಲಿ ಹಿಡಿಯುವುದೆಂತು? ನೇರ ಬಿಸಿಲಿನಲ್ಲಿ ಅದು ಬರಿಯ ಕಲ್ಲುಗುಂಡು. ಕಿಟಕಿಯ ಓರೆಬೆಳಕಿಗಿಟ್ಟಾಗ ಕಂದು ಮೈಯ ಸುಕ್ಕುಗಳು ಎದ್ದುಬಂದವು. ಎಣ್ಣೆ ಸವರಿ ಹೊಳಪಿಸೋಣವೆಂದರು ಛಾಯಾಗ್ರಾಹಕರು; ನಾನು ಒಪ್ಪಲಿಲ್ಲ. ಅಟ್ಟದಿಂದಿಳಿದ ಸರಕಿಗೆ ಅಂಥ ಮಿರುಗು ಎಲ್ಲಿಯದು?

ಬೇಲೂರಿನ ಶಿಲ್ಪಿಗೆ ಈ ವಿವೇಕವಿತ್ತು. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಣ್ಣೊಂದರ ಮೇಲೆ ನೊಣ ಕುಳಿತಿದೆ, ಅದಕ್ಕೆ ಹಲ್ಲಿ ಹೊಂಚುಹಾಕಿದೆ. ಹಣ್ಣು ಮಾಗಿದೆಯೆನ್ನಲು ಅವನಿಗೆ ಒಂದು ನೊಣ ಸಾಕಾಯಿತು. ಪ್ರಕಾಶಕರು ಮದನಿಕೆಯನ್ನು ಬಿಡಲೊಲ್ಲದೆ ಹಿಂಬದಿಯ ರಕ್ಷಾಪುಟಕ್ಕೆ ಹಾಕಿದರು, ಕೊಬ್ಬರಿ ಮುಂದಿದೆ.